ದೇಶ ಸುತ್ತಿ ಬಂದ ಲಕೋಟೆ: ಹಳೇ ಕಾಗದ ಹುಡುಕುವುದು, ಓದುವುದು, ಮಲೆನಾಡ ಮಳೆಯಿಂದ ಉಳಿಸಿಕೊಳ್ಳುವುದು

ಹಳೇ ಕಾಗದದ ಕಟ್ಟು ಕೈಗೆ ಸಿಕ್ಕಾಗ ಮೊದಲು ಕತ್ತರಿಯನ್ನೂ ನೀರಿನ ಬೋಗುಣಿಯನ್ನೂ ದೂರ ಇಡಿ. ಸ್ಟಾಂಪು ಸಂಗ್ರಹ ಅಂದರೆ ಲಕೋಟೆಯ ಮೂಲೆ ಕತ್ತರಿಸಿ, ನೀರಲ್ಲಿ ನೆನೆಹಾಕಿ, ಚೀಟಿ ಬಿಡಿಸಿ ಆಲ್ಬಮ್ಮಿಗೆ ಅಂಟಿಸುವುದು ಎಂದೇ ಶಾಲೆಯ ಕಾಲದಿಂದ ನಮ್ಮಲ್ಲಿ ರೂಢಿ. ಪ್ರಯಾಣ ಮಾಡಿದ ಕಾಗದಗಳನ್ನು ಕೂಡಿಸುವವರು ಅದಕ್ಕೆ ನೇರ ಉಲ್ಟಾ ಮಾಡಬೇಕು. ಆರನೇ ಜಾರ್ಜ್ ದೊರೆಯ ತಲೆಯಿರುವ ಒಂದೂವರೆ ಪೆನ್ನಿಯ ಕಂದು ಸ್ಟಾಂಪು ಕೋಟಿಗಟ್ಟಲೆ ಅಚ್ಚಾಗಿದೆ, ಬಿಡಿಯಾಗಿ ಅದಕ್ಕೆ ಬೆಲೆಯೇ ಇಲ್ಲ. ಅದೇ ಸ್ಟಾಂಪು ಲಕೋಟೆಯ ಮೇಲೆ ಕೂತು, ಮುಂದೆ ಲಂಡನ್ನಿನ ಮುದ್ರೆ, ಹಿಂದೆ ತೀರ್ಥಹಳ್ಳಿಯ ಮುದ್ರೆ ಹೊತ್ತಿದ್ದರೆ, ಆ ಕಾಗದ ಎಷ್ಟು ದಿನದಲ್ಲಿ, ಯಾವ ದಾರಿಯಲ್ಲಿ, ಎಷ್ಟು ದುಡ್ಡಿಗೆ ಬಂತು ಅನ್ನುವುದಕ್ಕೆ ಅದೊಂದೇ ಸಾಕ್ಷಿ. ಕತ್ತರಿಸಿದರೆ ಸಾಕ್ಷಿ ಹೋಯಿತು, ಮತ್ತೆ ಬರುವುದಿಲ್ಲ.

ಸಂಗ್ರಹಕಾರರು ಇಂಥದ್ದನ್ನು ‘ಕವರ್’ ಅನ್ನುತ್ತಾರೆ. ಲಕೋಟೆ, ಕಾರ್ಡು, ಮಡಿಸಿ ಅಂಟಿಸಿದ ಇನ್‌ಲ್ಯಾಂಡು, ವಿಮಾನ ಅಂಚೆಗೆಂದೇ ಇದ್ದ ತೆಳು ನೀಲಿ ಏರೋಗ್ರಾಮು ಎಲ್ಲಕ್ಕೂ ಅದೇ ಹೆಸರು. ಮುಖ್ಯವಾದದ್ದು ಕವರ್ ನಿಜವಾಗಿ ಟಪಾಲಿನಲ್ಲಿ ಓಡಾಡಿರಬೇಕು ಅನ್ನುವುದು.

ಎಲ್ಲಿ ಸಿಗುತ್ತದೆ

ಮಲೆನಾಡಿನ ಹಳೇ ಮನೆಗಳಲ್ಲಿ ಕಾಗದ ಮೂರು ಕಡೆ ಉಳಿದಿರುತ್ತದೆ: ಅಟ್ಟದ ಟ್ರಂಕು, ಜಗಲಿಯ ಗೋಡೆಗೂಡು, ಮತ್ತು ತಂತಿ. ತಂತಿ ಅಂದರೆ ಬುಡಕ್ಕೆ ಮರದ ಬಿಲ್ಲೆ, ತುದಿಗೆ ಕೊಕ್ಕೆ ಇರುವ ಉದ್ದನೆಯ ಕಂಬಿ. ಬಂದ ಕಾಗದವನ್ನೆಲ್ಲ ಓದಿ ಅದಕ್ಕೆ ಚುಚ್ಚಿ ತೂಗುಹಾಕುತ್ತಿದ್ದರು. ಮಿಕ್ಕ ಕಾಗದವೆಲ್ಲ ಬಚ್ಚಲೊಲೆಗೆ ಹೋಯಿತು, ಈಗಲೂ ಹೋಗುತ್ತಿದೆ. ಮನೆ ಪಾಲಾಗುವಾಗ, ಹೆಂಚು ತೆಗೆದು ತಾರಸಿ ಹಾಕಿಸುವಾಗ, ಬೇಸಗೆಯಲ್ಲಿ ಅಟ್ಟ ಗುಡಿಸುವಾಗ ಕೇಳಿಟ್ಟರೆ ಸಿಗುತ್ತದೆ. ಮಾರನೇ ದಿನ ಹೋದರೆ ಬೂದಿ.

ಕೇಳುವ ರೀತಿಯೂ ಮುಖ್ಯ. “ಹಳೇ ಸ್ಟಾಂಪ್ ಇದೆಯಾ?” ಅಂದರೆ ಮನೆಯವರು ಉಪಕಾರ ಮಾಡುವ ಮನಸ್ಸಿನಿಂದಲೇ ಸ್ಟಾಂಪು ಕಿತ್ತು ಒಂದು ಮುಷ್ಟಿ ತಂದುಕೊಡುತ್ತಾರೆ. “ಅಮ್ಮಾ, ಅಜ್ಜಯ್ಯನ ಕಾಲದ ಕಾಗದ ಇದ್ದರೆ ಹಾಗೆ ಕಟ್ಟು ಬಿಚ್ಚದೆ ತೋರಿಸ್ತೀರಾ, ಇಲ್ಲೇ ಕೂತು ನೋಡಿ ಕೊಡ್ತೀನಿ” ಅಂತ ಕೇಳಿ. ಹೊರದೇಶದ ಕಾಗದ ಯಾರಿಗೆ ಬಂದಿರಬಹುದು ಅನ್ನುವುದನ್ನೂ ಲೆಕ್ಕ ಹಾಕಿ. ಎರಡನೇ ಮಹಾಯುದ್ಧಕ್ಕೆ ಹೋದವರ ಮನೆ, ಕಾಫಿ ಎಸ್ಟೇಟುಗಳು, ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ವಿದೇಶಕ್ಕೆ ಓದಲು ಹೋದ ಮಗ ಇದ್ದ ಮನೆ, ಎಪ್ಪತ್ತು–ಎಂಬತ್ತರ ದಶಕದಲ್ಲಿ ಗಲ್ಫಿಗೆ ದುಡಿಯಲು ಹೋದವರ ಮನೆ. ಶಾರ್ಟ್‌ವೇವ್ ರೇಡಿಯೋ ಕೇಳಿ ವಿದೇಶಿ ಕೇಂದ್ರಗಳಿಗೆ ಪತ್ರ ಬರೆಯುತ್ತಿದ್ದ ಹುಡುಗರೂ ಇದ್ದರು. ಅವರಿಗೆ ಬಂದ ಕಾರ್ಡುಗಳನ್ನು ಯಾರೂ ಹುಡುಕುವುದಿಲ್ಲ, ಹಾಗಾಗಿ ಈಗಲೇ ಹುಡುಕಿ.

ಊರಿನ ಹಳೇಪೇಪರ್ ಅಂಗಡಿಗಳಲ್ಲಿ ಅಡಿಕೆ ಮಂಡಿಗಳ ಹಳೇ ಫೈಲು ಬರುವುದುಂಟು. ಅಲ್ಲಿ ಕೆಜಿ ಲೆಕ್ಕ. ಒಂದು ಎಚ್ಚರ: ಸರ್ಕಾರಿ ಕಚೇರಿಯ ಫೈಲಿನಂತೆ ಕಂಡದ್ದನ್ನು ಕೊಳ್ಳಬೇಡಿ, 1993ರ ಸಾರ್ವಜನಿಕ ದಾಖಲೆ ಕಾಯಿದೆಯ ತಂಟೆ ಬರಬಹುದು. ಅದು ಬಿಟ್ಟರೆ ಬೆಂಗಳೂರಿನ ಅಂಚೆಚೀಟಿ ಪ್ರದರ್ಶನಗಳಲ್ಲಿ, ಕರ್ನಾಪೆಕ್ಸ್‌ನಂಥ ಕಡೆ, ವ್ಯಾಪಾರಿಗಳ ಮಳಿಗೆ ಇರುತ್ತದೆ. ಅಲ್ಲಿ ಮೇಜಿನ ಮೇಲಿನ ಗಾಜಿನ ಪೆಟ್ಟಿಗೆಗಿಂತ ಮೇಜಿನ ಕೆಳಗಿನ ರಟ್ಟಿನ ಡಬ್ಬಿ ನೋಡಿ. ಹೊಸಬರಿಗೆ ಕಲಿಕೆ ಅಲ್ಲೇ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಮುಂಭಾಗ, ಹಿಂಭಾಗ ಎರಡರ ಚಿತ್ರವೂ ಇಲ್ಲದೆ ದುಡ್ಡು ಕಳಿಸಬೇಡಿ. ಹಿಂಭಾಗದ ಚಿತ್ರ ಕೊಡಲು ಹಿಂದೆಮುಂದೆ ನೋಡುವ ಮಾರಾಟಗಾರನ ಕವರಿನ ಹಿಂದೆ ಸೆಲೋಟೇಪೋ ಹರಕೋ ಇರುವುದೇ ಹೆಚ್ಚು.

ಕಟ್ಟು ಬಿಚ್ಚುವಾಗ

ಒಣ ದಿನ ಆರಿಸಿಕೊಳ್ಳಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಮುಖಕ್ಕೆ ಎನ್–95 ಮಾಸ್ಕು ಹಾಕಿ. ಅಟ್ಟದ ಕಾಗದದ ಬೂಷ್ಟು ಉಸಿರಿಗೆ ಒಳ್ಳೆಯದಲ್ಲ. ಬೇಕಾದ ಸಾಮಾನು ಹೆಚ್ಚಿಲ್ಲ: ಮೃದು ಕೂದಲಿನ ಒಂದು ಅಂಗುಲದ ಬ್ರಷ್ಷು, ಸ್ಟಾಂಪಿನ ಚಿಮಟ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ, ಮೊಂಡು ಬೆಣ್ಣೆಚಾಕು, 2ಬಿ ಪೆನ್ಸಿಲ್ಲು.

ತಂತಿಗೆ ಚುಚ್ಚಿದ ಕಟ್ಟಾದರೆ ಒಂದೊಂದೇ ಎಳೆಯಬೇಡಿ. ಮಳೆಗಾಲಗಳಲ್ಲಿ ಕಂಬಿ ತುಕ್ಕು ಹಿಡಿದು ತೂತಿನ ಸುತ್ತ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ, ಎಳೆದರೆ ತೂತು ಸೀಳಾಗುತ್ತದೆ. ಕೊಕ್ಕೆಯನ್ನು ಕಟ್ಟಿಂಗ್ ಪ್ಲೈಯರಿನಲ್ಲಿ ಕತ್ತರಿಸಿ, ತುಂಡಾದ ತುದಿಯನ್ನು ಅರದಿಂದ ನಯ ಮಾಡಿ, ಕಾಗದಗಳನ್ನು ಐದು–ಹತ್ತರ ಗುಂಪಾಗಿ ಎರಡೂ ಕಡೆ ಅಂಗೈ ಕೊಟ್ಟು ಮೇಲಕ್ಕೆ ಸರಿಸಿ. ನಡುವೆ ದುಂಡು ತೂತು, ಸುತ್ತ ಕಂದು ಕಲೆ: ಇದು ನಮ್ಮ ಕಡೆಯ ಕವರಿನ ಗುರುತು. ತೂತು ಮುಚ್ಚಲು ಹೋಗಬೇಡಿ. ಬೆಲೆ ಒಂದಿಷ್ಟು ತಗ್ಗುತ್ತದೆ ನಿಜ, ಆದರೆ ತೇಪೆ ಹಾಕಿದ ಕವರ್ ಇನ್ನೂ ತಗ್ಗುತ್ತದೆ.

ಗುಂಡುಸೂಜಿ ತುಕ್ಕು ಹಿಡಿದಿದ್ದರೆ ತಲೆ ಹಿಡಿದು ಎಳೆಯಬೇಡಿ. ಸೂಜಿ ಮತ್ತು ಕಾಗದದ ನಡುವೆ ತೆಳು ಪ್ಲಾಸ್ಟಿಕ್ ತುಣುಕು ತೂರಿಸಿ, ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿ ಸಡಿಲ ಮಾಡಿ. ರಬ್ಬರ್ ಬ್ಯಾಂಡು ಕರಗಿ ಅಂಟಿದ್ದರೆ ಗಟ್ಟಿಯಾದ ಭಾಗವನ್ನು ಬೆಣ್ಣೆಚಾಕಿನಿಂದ ಎಬ್ಬಿಸಿ, ಜಿಗುಟು ಉಳಿದದ್ದನ್ನು ಹಾಗೇ ಬಿಡಿ. ಹಳದಿಯಾದ ಸೆಲೋಟೇಪಿಗೂ ಅದೇ ಮಾತು. ಸೀಮೆಎಣ್ಣೆ, ಥಿನ್ನರ್, ಇಸ್ತ್ರಿಪೆಟ್ಟಿಗೆ ಯಾವುದೂ ಬೇಡ. ಬಣ್ಣ ಬಿಡುವ ಮಸಿ ಯಾವುದು ಅಂತ ಮುಟ್ಟುವ ತನಕ ತಿಳಿಯುವುದಿಲ್ಲ.

ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ ಕಾಗದ ಸಿಕ್ಕರೆ ಅದು ಮದುವೆಯದೋ ಗೃಹಪ್ರವೇಶದ್ದೋ. ಆ ಕಲೆ ತೆಗೆಯಬಾರದು, ಅದೂ ಕಾಗದದ ಮಾತೇ. ಸಾವಿನ ಸುದ್ದಿ ತಂದ ಕಾಗದವನ್ನು ಓದಿ ಹರಿದುಹಾಕುವ ರೂಢಿ ಇದ್ದುದರಿಂದ ಅಂಥವು ಸಿಗುವುದು ಬಹಳ ಕಮ್ಮಿ. ಒಳಗಿನ ಪತ್ರವನ್ನು ಲಕೋಟೆಯಿಂದ ಅಗಲಿಸಬೇಡಿ. ಮಡಿಕೆ ಬಿಡಿಸಿ ಅದೇ ಕವರಿನ ಹಿಂದೆ, ಅದೇ ಚೀಲದಲ್ಲಿಡಿ. ತಾರೀಖಿನ ಮುದ್ರೆ ಅಳಿಸಿಹೋಗಿದ್ದರೆ ಒಳಗಿನ ಪತ್ರದ ತಲೆಬರಹವೇ ದಿಕ್ಕು.

ಒಂದು ಕವರನ್ನು ಓದುವುದು

ಹೀಗೊಂದು ಲಕೋಟೆ ಕೈಯಲ್ಲಿದೆ ಎಂದಿಟ್ಟುಕೊಳ್ಳಿ. ಮುಂದೆ ಒಂದೂವರೆ ಪೆನ್ನಿಯ ಒಂದೇ ಸ್ಟಾಂಪು, ಅದರ ಮೇಲೆ ಲಂಡನ್, 6 ಜುಲೈ 1938. ವಿಳಾಸದಲ್ಲಿ ತೀರ್ಥಹಳ್ಳಿ, ಶಿಮೋಗಾ ಜಿಲ್ಲೆ. ವಿಮಾನದಲ್ಲಿ ಕಳಿಸಿ ಎಂದು ಸೂಚಿಸುವ ನೀಲಿ ಚೀಟಿ ಇಲ್ಲ. ಹಿಂದೆ ಶಿಮೋಗಾದ ಮುದ್ರೆ, ಅದರ ಪಕ್ಕ ತೀರ್ಥಹಳ್ಳಿ, 16 ಜುಲೈ.

ನೀಲಿ ಚೀಟಿ ಇಲ್ಲ, ದುಡ್ಡೂ ಕಮ್ಮಿ, ಹಾಗಾದರೆ ಹಡಗಿನಲ್ಲಿ ಬಂದದ್ದು ಅಂತ ಹೊಸಬರು ಬರೆದಿಡುತ್ತಾರೆ. ತಪ್ಪು. ದಿನ ಎಣಿಸಿ: ಹತ್ತೇ ದಿನ. ಲಂಡನ್ನಿನಿಂದ ಬೊಂಬಾಯಿಗೆ ಅಂಚೆ ಹಡಗಿಗೇ ಎರಡು ವಾರ ಬೇಕಿತ್ತು, ಅದರ ಮೇಲೆ ರೈಲು, ಬಸ್ಸು. ಹತ್ತು ದಿನದಲ್ಲಿ ತೀರ್ಥಹಳ್ಳಿಗೆ ಮುಟ್ಟಬೇಕಾದರೆ ಹಾರಿಯೇ ಬಂದಿರಬೇಕು. ಕಾರಣ, 1938ರ ಫೆಬ್ರವರಿಯಿಂದ ಬ್ರಿಟಿಷ್ ಸಾಮ್ರಾಜ್ಯದ ವಿಮಾನ ಅಂಚೆ ಯೋಜನೆಗೆ ಭಾರತವೂ ಸೇರಿತು. ಅಲ್ಲಿಂದ ಬರುವ ಅರ್ಧ ಔನ್ಸಿನ ಮಾಮೂಲಿ ಕಾಗದವೂ ಒಂದೂವರೆ ಪೆನ್ನಿಗೇ ವಿಮಾನದಲ್ಲಿ ಬರುತ್ತಿತ್ತು, ಬೇರೆ ಚೀಟಿ ಬೇಕಿರಲಿಲ್ಲ. ನೀರಿನ ಮೇಲೆ ಇಳಿಯುವ ದೊಡ್ಡ ವಿಮಾನಗಳು ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ಕರಾಚಿಗೆ ತರುತ್ತಿದ್ದವು. ಅಲ್ಲಿಂದ ಟಾಟಾ ವಿಮಾನ ಬೊಂಬಾಯಿಗೆ. ಮುಂದೆ ರೈಲು, ಘಟ್ಟದ ದಾರಿಯಲ್ಲಿ ಬಸ್ಸು. ಒಂದು ಅಗ್ಗದ ಕಂದು ಚೀಟಿಯ ಹಿಂದೆ ಇಷ್ಟೆಲ್ಲ ಇದೆ. ಹಿಂಬದಿಯ ಮುದ್ರೆಯೊಂದು ಇಲ್ಲದಿದ್ದರೆ ಇದರಲ್ಲಿ ಒಂದನ್ನೂ ಹೇಳುವಂತಿರಲಿಲ್ಲ.

ಎಲ್ಲ ಕವರಿಗೂ ಇದೇ ಕ್ರಮ: ಮೊದಲು ಹೊರಟ ಊರಿನ ಮುದ್ರೆ, ಆಮೇಲೆ ಹಿಂದಿನ ಮುದ್ರೆಗಳನ್ನು ತಾರೀಖಿನ ಸಾಲಿನಲ್ಲಿ ಬರೆದುಕೊಳ್ಳಿ, ನಡುವಿನ ದಿನ ಎಣಿಸಿ, ಕೊನೆಗೆ ಅಂಟಿಸಿದ ಸ್ಟಾಂಪುಗಳ ಮೊತ್ತ ಆ ಕಾಲದ ದರಕ್ಕೆ ಹೊಂದುತ್ತದೆಯೇ ನೋಡಿ. ಮುದ್ರೆ ಮಸುಕಾಗಿದ್ದರೆ ಕವರಿನ ಪಕ್ಕದಿಂದ ತಗ್ಗಾಗಿ ಟಾರ್ಚ್ ಹಿಡಿದು ನೋಡಿ. ಅಚ್ಚು ಒತ್ತಿದ ತಗ್ಗು ನೆರಳಾಗಿ ಕಾಣುತ್ತದೆ. ಆರು ನೂರು ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಬಣ್ಣ ತಿರುವುಮುರುವು ಮಾಡಿದರೆ ಇನ್ನೂ ಅರ್ಧ ಓದಬಹುದು.

ತಾರೀಖಿನಲ್ಲಿ ಮೋಸಹೋಗುವುದು ಬಹಳ. ಅಮೆರಿಕದ ಮುದ್ರೆಯಲ್ಲಿ ತಿಂಗಳು ಮೊದಲು. ಸ್ವಿಟ್ಜರ್ಲೆಂಡಿನ ಹಳೇ ಮುದ್ರೆಗಳಲ್ಲಿ ತಿಂಗಳನ್ನು ರೋಮನ್ ಅಂಕೆಯಲ್ಲಿ ಕೊಡುತ್ತಾರೆ. ಜಪಾನಿನದು ವರ್ಷ, ತಿಂಗಳು, ದಿನ, ವರ್ಷವೂ ಚಕ್ರವರ್ತಿಯ ಲೆಕ್ಕದ್ದು: ಶೋವಾ ಕಾಲದ್ದಾದರೆ 1925 ಕೂಡಿಸಿ, 13 ಅಂದರೆ 1938. ಥಾಯ್ಲೆಂಡಿನ ಬುದ್ಧ ಶಕೆಯಿಂದ 543 ಕಳೆಯಬೇಕು, 2500 ಅಂದರೆ 1957. ಇರಾನಿನ ಸೌರ ವರ್ಷಕ್ಕೆ 621 ಕೂಡಿಸಿ, ಜನವರಿಯಿಂದ ಮಾರ್ಚ್ 20ರ ಸುಮಾರಿನ ತನಕದ್ದಾದರೆ 622. ನೇಪಾಳದ ವಿಕ್ರಮ ಸಂವತ್ಸರದಿಂದ 57 ಕಳೆಯಿರಿ, ಜನವರಿಯಿಂದ ಏಪ್ರಿಲ್ ನಡುವಿನ ತನಕದ್ದಾದರೆ 56.

ದೇಶದ ಹೆಸರೂ ಇಂಗ್ಲಿಷಿನಲ್ಲಿರುವುದಿಲ್ಲ. ಹೆಲ್ವೇಷಿಯಾ ಅಂದರೆ ಸ್ವಿಟ್ಜರ್ಲೆಂಡು, ಮಗ್ಯಾರ್ ಅಂದರೆ ಹಂಗೆರಿ, ಸುವೋಮಿ ಅಂದರೆ ಫಿನ್ಲೆಂಡು, ನಿಪ್ಪಾನ್ ಅಂದರೆ ಜಪಾನು. ಹೆಸರೇ ಇಲ್ಲದೆ ಬರೀ ರಾಜ ರಾಣಿಯ ತಲೆ ಇದ್ದರೆ ಬ್ರಿಟನ್ನು: ಸ್ಟಾಂಪು ಮೊದಲು ಹೊರಡಿಸಿದ ದೇಶ, 1840ರಿಂದಲೂ ಹೆಸರು ಹಾಕಿಲ್ಲ.

ಸ್ಟಾಂಪಲ್ಲದ ಗುರುತುಗಳೇ ಪ್ರಯಾಣದ ಕಥೆ ಹೇಳುವುದು. ‘ಪಾರ್ ಅವಿಯೋನ್’ ಫ್ರೆಂಚಿನಲ್ಲಿ ‘ವಿಮಾನದ ಮೂಲಕ’. ‘ಪ್ಯಾಕ್‌ಬೋ’ ಮುದ್ರೆ ಇದ್ದರೆ ಕಾಗದವನ್ನು ಹಡಗಿನಲ್ಲಿ, ನಡುಸಮುದ್ರದಲ್ಲಿ ಹಾಕಿದ್ದಾರೆ. ಬ್ರಿಟಿಷ್ ಸ್ಟಾಂಪಿನ ಮೇಲೆ ಹಡಗು ಮುಂದೆ ಮುಟ್ಟಿದ ಬಂದರಿನ, ಏಡನ್ನಿನದೋ ಕೊಲಂಬೋದ್ದೋ ಮುದ್ರೆ ಬಿದ್ದಿರುವುದು ಇದಕ್ಕೇ, ತಪ್ಪಾಗಿ ಅಲ್ಲ. ‘ಸೀ ಪೋಸ್ಟ್ ಆಫೀಸ್’ ಅಂತಿದ್ದರೆ ಬೊಂಬಾಯಿ–ಏಡನ್ ನಡುವೆ ಹಡಗಿನಲ್ಲೇ ಕೂತು ಕಾಗದ ವಿಂಗಡಿಸುತ್ತಿದ್ದ ಅಂಚೆಯವರ ಕೈಯದು. ಆ ಏರ್ಪಾಡು ಮೊದಲ ಮಹಾಯುದ್ಧ ಶುರುವಾದಾಗ ನಿಂತಿತು. ‘ಟಿ’ ಅಕ್ಷರದ ಮುದ್ರೆ ಅಂದರೆ ಸ್ಟಾಂಪು ಸಾಲದು, ಕಮ್ಮಿ ಬಿದ್ದದ್ದರ ಇಮ್ಮಡಿಯನ್ನು ತೆಗೆದುಕೊಳ್ಳುವವರಿಂದ ವಸೂಲಿ ಮಾಡುತ್ತಿದ್ದರು. ಅಂಚಿಗೆ ಪಟ್ಟಿ ಅಂಟಿಸಿ ‘ಪಿ.ಸಿ. 90, ಓಪನ್ಡ್ ಬೈ ಎಕ್ಸಾಮಿನರ್’ ಎಂದಿದ್ದರೆ ಎರಡನೇ ಯುದ್ಧದಲ್ಲಿ ಬ್ರಿಟಿಷ್ ಸೆನ್ಸಾರಿನವರು ಬಿಚ್ಚಿ ಓದಿದ್ದಾರೆ. ಆ ಪಟ್ಟಿ ಕೀಳಬೇಡಿ, ಅದು ಕಸವಲ್ಲ. ‘ಫೀಲ್ಡ್ ಪೋಸ್ಟ್ ಆಫೀಸ್’ ಮುದ್ರೆಯಲ್ಲಿ ಊರಿನ ಹೆಸರಿರುವುದಿಲ್ಲ, ನಂಬರ್ ಮಾತ್ರ. ಸೈನ್ಯ ಎಲ್ಲಿದೆ ಅಂತ ಶತ್ರುವಿಗೆ ತಿಳಿಯಬಾರದೆಂದೇ ಹಾಗೆ. ಆ ನಂಬರು ಯಾವ ತಿಂಗಳು ಎಲ್ಲಿತ್ತು ಎಂಬ ಪಟ್ಟಿಗಳು ಅಚ್ಚಾಗಿವೆ.

ಪ್ರಸಿದ್ಧ ಹಾರಾಟಗಳ ಕವರಿಗೆ ದುಬಾರಿ ಬೆಲೆ. 1911ರ ಫೆಬ್ರವರಿ 18ರಂದು ಹೆನ್ರಿ ಪೆಕೆ ಅಲಹಾಬಾದಿನಿಂದ ಯಮುನೆ ದಾಟಿ ನೈನಿಗೆ ಒಯ್ದ ಆರು ಸಾವಿರ ಚಿಲ್ಲರೆ ಕಾಗದಗಳು ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬೊಂಬಾಯಿಗೆ ಹಾರಿದರು, ಅಲ್ಲಿಂದ ಮುಂದಕ್ಕೆ ಅದೇ ಅಂಚೆ ಬಳ್ಳಾರಿ ಮೇಲೆ ಮದರಾಸಿಗೆ ಹೋಯಿತು. 1948ರ ಜೂನ್ 8ರ, ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ಬೊಂಬಾಯಿ–ಲಂಡನ್ ಮೊದಲ ಹಾರಾಟಕ್ಕೆ ಆ ತಾರೀಖನ್ನೇ ಅಚ್ಚುಹಾಕಿದ ಹನ್ನೆರಡಾಣೆಯ ಸ್ಟಾಂಪಿದೆ. ಆ ದಿನ ಹಾರಿದ ‘ಮಲಬಾರ್ ಪ್ರಿನ್ಸೆಸ್’ ವಿಮಾನವೇ 1950ರ ನವೆಂಬರ್ 3ರಂದು ಮೌಂಟ್ ಬ್ಲಾಂಕ್‌ಗೆ ಬಡಿಯಿತು. 1966ರ ಜನವರಿ 24ರಂದು ‘ಕಾಂಚನಜುಂಗಾ’ ಎಂಬ ವಿಮಾನವೂ ಅದೇ ಪರ್ವತಕ್ಕೆ ಬಡಿಯಿತು, ಅದರ ಒಂದು ಅಂಚೆ ಚೀಲ 2012ರಲ್ಲಿ ಹಿಮದಿಂದ ಹೊರಬಿತ್ತು. ಇಂಥ ದುರಂತದ ಕವರುಗಳಲ್ಲಿ ನೀರು ಹತ್ತಿದ ಕಲೆ, ಕಳಚಿದ ಸ್ಟಾಂಪು ಸಹಜ. ಆದರೆ ಹೊಸಬರು ಇಲ್ಲಿಂದ ಶುರುಮಾಡಬೇಡಿ, ದುಡ್ಡೂ ಹೆಚ್ಚು, ನಕಲಿಯೂ ಹೆಚ್ಚು.

ನಮ್ಮ ಊರಿನ ಕವರಿನ ಕಾಲ ಹಿಡಿಯುವುದು, ನಕಲಿ ಹಿಡಿಯುವುದು

ಇವೆರಡೂ ಒಂದೇ ಕೆಲಸದ ಎರಡು ಮುಖ. ಕೆಲವು ತಾರೀಖು ಬಾಯಿಪಾಠ ಇರಲಿ. ಮೈಸೂರು ಸಂಸ್ಥಾನದ ಅಂಚೆ ಚಿಕ್ಕದೇವರಾಜ ಒಡೆಯರ ಕಾಲದ್ದು, 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಸೇರಿತು. ಅದಕ್ಕೆ ತನ್ನದೇ ಸ್ಟಾಂಪಿರಲಿಲ್ಲ, ಮುದ್ರೆ ಮಾತ್ರ. ‘ಮೈಸೂರು ಸಂಸ್ಥಾನದ ಅಪರೂಪದ ಅಂಚೆಚೀಟಿ’ ಅಂತ ಯಾರಾದರೂ ತೋರಿಸಿದರೆ ಅದು ಕೋರ್ಟ್ ಫೀ ಚೀಟಿಯೋ ರೆವಿನ್ಯೂ ಚೀಟಿಯೋ ಆಗಿರುತ್ತದೆ. ಆಣೆ ಹೋಗಿ ನಯೇ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ, ‘ನಯೇ’ ಬಿದ್ದುಹೋದದ್ದು 1964ರಲ್ಲಿ. ಇನ್‌ಲ್ಯಾಂಡ್ ಕಾಗದ ಶುರುವಾದದ್ದು 1950ರ ಅಕ್ಟೋಬರ್ 2. ಪಿನ್ ಕೋಡ್ 1972ರ ಆಗಸ್ಟ್ 15. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1. ಇಂಗ್ಲಿಷಿನಲ್ಲಿ ಶಿಮೋಗಾ ಶಿವಮೊಗ್ಗವಾದದ್ದು 2014ರ ನವೆಂಬರ್ 1. 1965ರದ್ದು ಎನ್ನುವ ಕವರಿನ ವಿಳಾಸದಲ್ಲಿ ಶಿವಮೊಗ್ಗದ ಪಿನ್ 577201 ಇದ್ದರೆ ಅಲ್ಲಿಗೇ ಮುಗಿಯಿತು. ಜೋಗವನ್ನು ಹಳೇ ಕಾಲದ ಚಿತ್ರಕಾರ್ಡುಗಳಲ್ಲಿ ಗೇರುಸೊಪ್ಪೆ ಜಲಪಾತ ಎಂದೇ ಅಚ್ಚುಹಾಕಿದ್ದಾರೆ, ಆ ಹೆಸರಿನಲ್ಲೂ ಹುಡುಕಿ. ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳ ವಿಳಾಸವಿರುವ ಕಾಗದ ಸಿಕ್ಕರೆ ಹರಿದಿದ್ದರೂ ಬಿಡಬೇಡಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರ ಆಮೇಲೆ ಆ ಊರಿಗೆ ಕಾಗದ ಬರುವ ಪ್ರಶ್ನೆಯೇ ಇಲ್ಲ.

ನಕಲಿ ಮಾಡುವವರು ಹೆಚ್ಚಾಗಿ ಇಡೀ ಕವರ್ ಹುಟ್ಟಿಸುವುದಿಲ್ಲ, ಅಸಲಿ ಅಗ್ಗದ ಕವರಿಗೆ ದುಬಾರಿ ಸ್ಟಾಂಪೋ ಮುದ್ರೆಯೋ ಸೇರಿಸುತ್ತಾರೆ. ಮುದ್ರೆಯ ವೃತ್ತ ಸ್ಟಾಂಪಿನಿಂದ ಲಕೋಟೆಗೆ ದಾಟುವ ಜಾಗವನ್ನು ಭೂತಕನ್ನಡಿಯಲ್ಲಿ ನೋಡಿ. ಗೆರೆ ಒಂದೇ ಓಟದಲ್ಲಿ ಇಳಿಯಬೇಕು, ಮಸಿಯ ಬಣ್ಣ ಎರಡು ಕಡೆಯೂ ಒಂದೇ ಇರಬೇಕು. ಸ್ಟಾಂಪಿನ ಸುತ್ತ ಅದರ ಅಳತೆಗೆ ಹೊಂದದ ತಿಳಿ ಚೌಕ ಕಂಡರೆ ಹಿಂದೆ ಬೇರೆ ಸ್ಟಾಂಪಿತ್ತು ಎಂದರ್ಥ. ಮುಚ್ಚಿದ್ದ ಜಾಗ ಹೊಗೆ, ಬೆಳಕು ತಾಕದೆ ಬೆಳ್ಳಗೆ ಉಳಿದಿರುತ್ತದೆ. ಮಡಿಕೆಯ ಮೇಲೆ ಮುದ್ರೆ ಇದ್ದರೆ, ಮಸಿ ಮಡಿಕೆಯ ಸೀಳಿನೊಳಗೆ ಇಳಿದಿದೆಯೇ ನೋಡಿ. ಇಳಿದಿದ್ದರೆ ಕಾಗದ ಹಳೆಯದಾಗಿ ಮಡಿಕೆ ಬಿದ್ದ ಮೇಲೆ ಮುದ್ರೆ ಒತ್ತಿದ್ದಾರೆ. ಕತ್ತಲೆಯಲ್ಲಿ 365 ನ್ಯಾನೋಮೀಟರಿನ ಯುವಿ ಟಾರ್ಚ್ ಹಾಕಿ: ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬಂದದ್ದು 1950ರ ಆಸುಪಾಸು. ಅದಕ್ಕೆ ಹಿಂದಿನ ಲಕೋಟೆ ಎಂದು ಮಾರಿದ್ದು ನೀಲಿಬಿಳಿಯಾಗಿ ಹೊಳೆದರೆ ಕೊಳ್ಳಬೇಡಿ.

ಮಳೆಗಾಲ

ಇಲ್ಲಿಯವರೆಗಿನ ಮಾತು ಜಗತ್ತಿನ ಯಾವ ಸಂಗ್ರಹಕಾರನಿಗೂ ಹೊಂದುತ್ತದೆ. ಇನ್ನು ಮುಂದಿನದು ನಮಗೆ ಮಾತ್ರ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಮಳೆಗಾಲದ ಮೂರು ತಿಂಗಳು ಮನೆಯೊಳಗಿನ ಗಾಳಿಯಲ್ಲೂ ತೇವಾಂಶ ತೊಂಬತ್ತು ದಾಟುತ್ತದೆ. ಕಾಗದಕ್ಕೆ ಬೇಕಾದದ್ದು ನಲವತ್ತೈದರಿಂದ ಐವತ್ತೈದು. ಅರವತ್ತೈದು ದಾಟಿ ಕೆಲವು ದಿನ ನಿಂತರೆ ಬೂಷ್ಟು ಏಳುತ್ತದೆ. ಅಂಟು ನೆನೆದು ಲಕೋಟೆಯ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ, ಬಳಸದ ಸ್ಟಾಂಪು ಪಕ್ಕದ್ದಕ್ಕೆ ಅಂಟುತ್ತದೆ. ಆಮೇಲೆ ಕಾಣಿಸುವ ಕಂದು ಚುಕ್ಕೆಗಳು ಹೋಗುವುದೇ ಇಲ್ಲ.

ಮೊದಲು ಚೀಲ. ಪ್ರತಿ ಕವರಿಗೂ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ತೊಡಿಗೆ ಬೇಕು. ಪಿವಿಸಿ ಬೇಡ. ಮೂಗಿನ ಹತ್ತಿರ ಹಿಡಿದರೆ ಹೊಸ ರೇನ್‌ಕೋಟಿನ ವಾಸನೆ ಬಂತೋ, ಅದು ಪಿವಿಸಿ. ಕಾಲಕ್ರಮೇಣ ಬೆವರಿದಂತೆ ಎಣ್ಣೆ ಬಿಟ್ಟು ಮುದ್ರೆಯ ಮಸಿಯನ್ನು ಎತ್ತಿಕೊಳ್ಳುತ್ತದೆ. ಫೋಟೋ ಅಂಗಡಿಯ ಅಂಟುಹಾಳೆಯ ಆಲ್ಬಮ್ಮೂ ಲ್ಯಾಮಿನೇಷನ್ನೂ ಕವರನ್ನು ಕೊಂದಂತೆಯೇ, ಹಿಂದಕ್ಕೆ ಬರಲು ದಾರಿಯಿಲ್ಲ. ಚೀಲದ ಒಂದು ಕಡೆ ತೆರೆದೇ ಇರಲಿ. ಪೂರ್ತಿ ಮುಚ್ಚಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ.

ಆಮೇಲೆ ಡಬ್ಬಿ. ರಬ್ಬರ್ ಅಂಚಿನ ಮುಚ್ಚಳವಿರುವ, ತಳದಲ್ಲಿ ತ್ರಿಕೋನದೊಳಗೆ 5 ಅಂಕೆ ಇರುವ ಹದಿನೈದು ಲೀಟರಿನ ಪ್ಲಾಸ್ಟಿಕ್ ಡಬ್ಬಿ ಸಾಕು. ಅದರೊಳಗೆ ಕವರುಗಳನ್ನು ನಿಲ್ಲಿಸಿ, ಒತ್ತಿ ತುಂಬಬೇಡಿ. ಒಂದು ಸಣ್ಣ ತೇವಮಾಪಕ, ಬಟ್ಟೆಯ ಚೀಲದಲ್ಲಿ ಇನ್ನೂರು ಗ್ರಾಂ ಸಿಲಿಕಾ ಜೆಲ್. ಕಿತ್ತಳೆ ಬಣ್ಣದ್ದು ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇದೆ, ಅದು ವಿಷ, ಮಕ್ಕಳಿರುವ ಮನೆಗೆ ಬೇಡ. ಜೆಲ್ಲಿನ ಚೀಲ ಕವರಿಗೆ ತಾಗದಿರಲಿ. ಮಳೆಗಾಲದಲ್ಲಿ ಡಬ್ಬಿ ಎಷ್ಟು ಸಲ ತೆರೆಯುತ್ತೀರೋ ಅದರ ಮೇಲೆ, ಎರಡರಿಂದ ನಾಲ್ಕು ವಾರಕ್ಕೆ ಜೆಲ್ ಬಣ್ಣ ತಿರುಗುತ್ತದೆ. ದಪ್ಪ ತಳದ ಹಳೇ ಬಾಣಲೆಯಲ್ಲಿ, ಅಡುಗೆಗೆ ಮತ್ತೆ ಬಳಸದಂಥದ್ದರಲ್ಲಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬಣ್ಣ ಮರಳುವವರೆಗೆ ಹುರಿಯಿರಿ. ಓವನ್ ಇದ್ದರೆ 110 ಡಿಗ್ರಿಯಲ್ಲಿ ಎರಡು ಗಂಟೆ. ಉರಿ ಜಾಸ್ತಿಯಾದರೆ ಕಾಳು ಕಪ್ಪಾಗಿ ಬಣ್ಣ ತೋರಿಸುವ ಗುಣ ಕಳೆದುಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಮಾಪಕ ಮೂವತ್ತೈದಕ್ಕಿಂತ ಕೆಳಗೆ ಹೋದರೆ ಅರ್ಧ ಜೆಲ್ ತೆಗೆಯಿರಿ, ತೀರಾ ಒಣಗಿದ ಕಾಗದ ಮಡಿಕೆಯಲ್ಲಿ ಮುರಿಯುತ್ತದೆ.

ಕಪಾಟಿನೊಳಗೆ ಬಲ್ಬು ಉರಿಸಿಡುವ ಹಳೇ ಉಪಾಯ ಹಲವರಿಗೆ ಗೊತ್ತು. ಅದು ಕೆಲಸ ಮಾಡುತ್ತಿದ್ದದ್ದು ಬಲ್ಬಿನ ಬಿಸಿಯಿಂದ, ಬೆಳಕಿನಿಂದಲ್ಲ. ಈಗಿನ ಎಲ್‌ಇಡಿ ಬಲ್ಬಿಗೆ ಆ ಬಿಸಿ ಇಲ್ಲ. ಕಪಾಟು ಹೊರಗೋಡೆಗೆ ತಾಗದೆ ನಾಲ್ಕು ಬೆರಳು ಮುಂದಿರಲಿ, ಅಡುಗೆಮನೆಯ ಮೇಲಿನ ಅಟ್ಟದಲ್ಲಂತೂ ಬೇಡ. ನುಸಿಗುಳಿಗೆಯನ್ನೂ ಹಾಕಬೇಡಿ. ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ. ಬೇವಿನೆಲೆ ಹಾಳೆಗಳ ನಡುವೆ ಇಟ್ಟರೆ ಎಲೆಯ ಆಕಾರದ ಕಂದು ಕಲೆ ಉಳಿಯುತ್ತದೆ.

ಹೊಸದಾಗಿ ತಂದ ಕಾಗದವನ್ನು ನೇರ ಡಬ್ಬಿಗೆ ಸೇರಿಸಬಾರದು. ಬೆಳ್ಳಿಹುಳದ ಮೊಟ್ಟೆ ಕಣ್ಣಿಗೆ ಬೀಳುವುದಿಲ್ಲ. ಕವರುಗಳನ್ನು ಜಿಪ್ ಚೀಲದಲ್ಲಿ ಹಾಕಿ ಗಾಳಿ ಒತ್ತಿ ತೆಗೆದು, ಮನೆಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ. ತಕ್ಷಣ ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ಹೊರಗಿನ ತೇವ ಹನಿಯಾಗಿ ಕೂತು ಮಸಿ ಹರಡುತ್ತದೆ. ಒದ್ದೆ ಕಾಗದವನ್ನು ಫ್ರೀಜರಿಗೆ ಹಾಕುವ ಮೊದಲು ಒಣಗಿಸಿ, ಅದೂ ನೆರಳಿನಲ್ಲಿ, ಫ್ಯಾನಿನ ಗಾಳಿಗೆ. ಹಪ್ಪಳದಂತೆ ಬಿಸಿಲಿಗೆ ಹರವಿದರೆ ಸ್ಟಾಂಪಿನ ಬಣ್ಣವೂ ಬರಹವೂ ಸಪ್ಪಗಾಗುತ್ತವೆ. ಬೂಷ್ಟು ಹಿಡಿದದ್ದನ್ನು ಪೂರ್ತಿ ಒಣಗಿದ ಮೇಲೆಯೇ, ಮನೆಯ ಹೊರಗೆ, ಮೃದು ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಗುಡಿಸಿ. ಹಸಿಯಿದ್ದಾಗ ಒರೆಸಿದರೆ ಕಾಗದದ ಎಳೆಯೊಳಗೇ ಉಜ್ಜಿದಂತಾಗುತ್ತದೆ.

ಬರೆದಿಡುವುದು

ಕವರಿನ ಮೇಲೆ ಏನೂ ಬರೆಯಬೇಡಿ. ಆಮ್ಲರಹಿತ ಕಾಗದದ ತುಂಡಿನ ಮೇಲೆ ಪೆನ್ಸಿಲ್ಲಿನಲ್ಲಿ ಕ್ರಮಸಂಖ್ಯೆ, ಎಲ್ಲಿಂದ ಎಲ್ಲಿಗೆ, ಮುದ್ರೆಗಳ ತಾರೀಖು, ದರ, ದಾರಿ, ಯಾವ ಮನೆಯಿಂದ ಅಥವಾ ಯಾರಿಂದ ಎಷ್ಟಕ್ಕೆ ಬಂತು ಎಂದು ಬರೆದು ಚೀಲದೊಳಗೆ ಕವರಿನ ಹಿಂದೆ ಇಡಿ. ಎರಡೂ ಬದಿ ಸ್ಕ್ಯಾನ್ ಮಾಡಿ ಅದೇ ಸಂಖ್ಯೆಯ ಹೆಸರಿನಲ್ಲಿ ಉಳಿಸಿ. ಪ್ರದರ್ಶನಕ್ಕೆ ಇಡುವ ಆಸೆಯಿದ್ದರೆ ಎ4 ಹಾಳೆಗೆ ಪಾಲಿಯೆಸ್ಟರ್ ಮೂಲೆಗಳಲ್ಲಿ ಕೂರಿಸಿ. ಒಂದು ಫ್ರೇಮಿಗೆ ಹದಿನಾರು ಹಾಳೆ, ಹಾಳೆಗೆ ಮೂರ್ನಾಲ್ಕು ಸಾಲು ವಿವರಣೆ ಸಾಕು. ತೀರ್ಪುಗಾರರು ನೋಡುವುದು ಕವರನ್ನು.

ಒಳಗಿನ ಪತ್ರದಲ್ಲಿ ಮನೆಯ ಸಾಲ, ಜಗಳ, ಕಾಯಿಲೆ ಎಲ್ಲ ಇರುತ್ತವೆ. ಕೊಟ್ಟವರನ್ನು ಕೇಳದೆ ಇಂಟರ್ನೆಟ್ಟಿಗೆ ಹಾಕಬೇಡಿ, ಹಾಕಿದರೂ ವಿಳಾಸ ಮುಚ್ಚಿ. ಹೊರದೇಶಕ್ಕೆ ಮಾರುವ ಮುನ್ನ 1972ರ ಪ್ರಾಚ್ಯವಸ್ತು ಕಾಯಿದೆ ನೆನಪಿರಲಿ. ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವಿರುವ ಹಸ್ತಪ್ರತಿ, ದಾಖಲೆಗಳು 75 ವರ್ಷ ದಾಟಿದರೆ ಪ್ರಾಚ್ಯವಸ್ತು ಆಗುತ್ತವೆ, ಖಾಸಗಿಯವರು ಅವನ್ನು ದೇಶದಾಚೆ ಕಳಿಸುವಂತಿಲ್ಲ.

ವರ್ಷಕ್ಕೆ ಎರಡು ಸಲ ಡಬ್ಬಿಗಳನ್ನೆಲ್ಲ ತೆರೆದು ನೋಡಬೇಕು. ಒಂದು, ಮೃಗಶಿರ ಮಳೆ ಹುಟ್ಟುವ ಮೊದಲು, ಮೇ ಕೊನೆಯ ವಾರದಲ್ಲಿ. ಆಗ ಜೆಲ್ ಹುರಿದು, ರಬ್ಬರ್ ಅಂಚು ಬಿರಿದಿದೆಯೇ ನೋಡಿ, ಮುಚ್ಚಿಬಿಡಿ. ಇನ್ನೊಂದು, ಸ್ವಾತಿ ಮಳೆ ಮುಗಿದು ಗಾಳಿ ಒಣಗಿದ ಮೇಲೆ. ಆಗ ಡಬ್ಬಿ ತೆರೆದ ತಕ್ಷಣ ಮೊದಲು ಮೂಗು ಇಡಿ. ಮುಗ್ಗಲು ವಾಸನೆ ಬಂದರೆ ಕಣ್ಣಿಗೆ ಏನೂ ಕಾಣದಿದ್ದರೂ ಎಲ್ಲ ಕವರುಗಳನ್ನು ಹೊರತೆಗೆದು, ನೆರಳಿನಲ್ಲಿ ಒಂದು ದಿನ ಬಿಡಿಬಿಡಿಯಾಗಿ ಹರವಿ, ಡಬ್ಬಿ ಒರೆಸಿ ಒಣಗಿಸಿ ಮತ್ತೆ ತುಂಬಿ.